ಲಾರಿಯನ್ನು ಎತ್ತರ ಮಾಡಿಸಿದ ವರ್ಷ

ನಮ್ಮ ಯಜಮಾನರ ಹನ್ನೊಂದನೆಯ ದಿನದ ಊಟಕ್ಕೆ ಬಂದವರಲ್ಲಿ ಅವರ ದಾಯಾದಿಯೊಬ್ಬರಿದ್ದರು. ಎಲೆಯ ಮುಂದೆ ಕೂತು ಪಕ್ಕದವರಿಗೆ ಹೇಳುತ್ತಿದ್ದರು.

"ಸತ್ತೋನು ಒಳ್ಳೆ ಮನ್ಸ ಕಣಪ್ಪಾ, ಇಲ್ಲ ಅನ್ನಕಿಲ್ಲ. ಆದ್ರೆ ಬಲೇ ಕಿಲಾಡಿ. ಲಾರಿ ಪುಸ್ತಕ ತಿದ್ದಿ ಪೆಟ್ರೋಲ್ ಸಾಯೇಬನ್ಗೇ ಟೋಪಿ ಆಕಕ್ಕೆ ಓಗಿದ್ದ ಕಣ್ಲಾ!"

ಪಂಕ್ತಿಯಲ್ಲಿದ್ದವರು ನಕ್ಕರು. ಸಾವಿನ ಮನೆಯ ಊಟದಲ್ಲೂ ಜನ ನಗುತ್ತಾರೆ, ಅದರಲ್ಲಿ ತಪ್ಪೇನಿಲ್ಲ. ನಾನು ಒಳಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಆ ಮಾತು ಊರಿನಲ್ಲಿ ಬಹಳ ವರ್ಷದಿಂದ ಇದೆ. ಅದರಲ್ಲಿ ಒಂದು ತಪ್ಪಿದೆ. ಯಜಮಾನರು ಬದುಕಿದ್ದಷ್ಟು ದಿನ ಅದನ್ನು ನಾನು ಸರಿಪಡಿಸಲಿಲ್ಲ. ಈಗ ಬರೆದಿಡುತ್ತಿದ್ದೇನೆ.

ನಮ್ಮ ಮನೆ ಮದ್ದೂರಿನಲ್ಲಿ, ಮಳವಳ್ಳಿ ರಸ್ತೆಯ ಮಗ್ಗುಲಲ್ಲಿತ್ತು. ಮಾವನವರ ಕಾಲದಲ್ಲಿ ನಾಲ್ಕು ಎತ್ತಿನ ಗಾಡಿಗಳನ್ನು ಬಾಡಿಗೆಗೆ ಹೂಡುತ್ತಿದ್ದರು. ಭತ್ತ, ಬೆಲ್ಲ, ಸೌದೆ, ಏನು ಸಿಕ್ಕರೆ ಅದು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದು ನಾಲೆಯ ನೀರು ಹರಿದ ಕಡೆಯೆಲ್ಲ ಕಬ್ಬು ಎದ್ದ ಮೇಲೆ ಗಾಡಿಗಳಿಗೆ ಬಿಡುವೇ ಇರಲಿಲ್ಲ. ಮಾವನವರು ತೀರಿಕೊಂಡ ಮೇಲೆ ನಮ್ಮ ಯಜಮಾನರು ಎತ್ತು ಗಾಡಿಗಳನ್ನೆಲ್ಲ ಮಾರಿ ಒಂದು ಹಳೆಯ ಲಾರಿ ತಂದರು. ಯುದ್ಧ ನಡೆಯುತ್ತಿದ್ದ ಕಾಲ. ಪೆಟ್ರೋಲಿಗೆ ಕೂಪನ್ ಇತ್ತು. ಲಾರಿಗೆ ಇಷ್ಟು ಗ್ಯಾಲನ್ ಎಂದು ಬರೆದ ಕೂಪನ್ ಇಲ್ಲದೆ ಒಂದು ತೊಟ್ಟು ಪೆಟ್ರೋಲು ಸಿಗುತ್ತಿರಲಿಲ್ಲ. ಯುದ್ಧ ಮುಗಿದ ಮೇಲೂ ಕೂಪನ್ ಹೋಗಲಿಲ್ಲ.

ಕೂಪನ್ ಕೊಡುವ ಕಚೇರಿಯವರು ಒಂದು ಪುಸ್ತಕ ಇಡಬೇಕೆಂದು ಹೇಳಿದ್ದರು. ಪ್ರತಿದಿನ ಲಾರಿ ನಿಂತ ಮೇಲೆ ಮೀಟರಿನಲ್ಲಿ ಎಷ್ಟು ಮೈಲಿ ತೋರಿಸುತ್ತದೆ, ಆ ದಿನ ಎಷ್ಟು ಪೆಟ್ರೋಲು ಹಾಕಿಸಿದೆವು ಎಂದು ಬರೆಯಬೇಕು. ತಿಂಗಳಿಗೊಮ್ಮೆ ಪುಸ್ತಕ ತೋರಿಸಿದರೆ ಮುಂದಿನ ಕೂಪನ್. ನಮ್ಮ ಯಜಮಾನರಿಗೆ ಓದು ಬರುತ್ತಿತ್ತು, ಬರೆಯಲು ಕೈ ಓಡುತ್ತಿರಲಿಲ್ಲ. ನಾನು ಲೋಯರ್ ಸೆಕೆಂಡರಿವರೆಗೆ ಓದಿದ್ದೆ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂತು. ಸಂಜೆ ಅವರು ಕಾಲು ತೊಳೆದು ಜಗಲಿಯ ಮೇಲೆ ಕೂತು, ಮೀಟರಿನ ಸಂಖ್ಯೆಯನ್ನು ಬಾಯಲ್ಲಿ ಹೇಳುತ್ತಿದ್ದರು. ನಾನು ಬರೆಯುತ್ತಿದ್ದೆ. ಮನೆ ತುಂಬ ಜನವಿದ್ದ ಆ ದಿನಗಳಲ್ಲಿ ನಾವಿಬ್ಬರು ಎದುರುಬದುರು ಕೂತು ಮಾತಾಡುತ್ತಿದ್ದದ್ದು ಆ ಹೊತ್ತಿನಲ್ಲಿ ಮಾತ್ರ. ನಾನು ಬರೆದದ್ದನ್ನು ಅವರು ಒಮ್ಮೆಯೂ ತಿರುಗಿಸಿ ನೋಡುತ್ತಿರಲಿಲ್ಲ.

ಯುದ್ಧ ಮುಗಿದ ಮಾರನೆಯ ವರ್ಷ ಕಬ್ಬಿನ ಕಾಲ ಹತ್ತಿರ ಬಂದಾಗ ಲಾರಿಯ ಟೈರುಗಳು ಬೋಳಾಗಿದ್ದವು. ಹೊಸದು ಎಲ್ಲೂ ಸಿಗುತ್ತಿರಲಿಲ್ಲ. ಬೆಂಗಳೂರಿನಲ್ಲಿ ಮಿಲಿಟರಿಯವರು ಬೇಡವಾದ ಸಾಮಾನನ್ನು ಹರಾಜು ಹಾಕುತ್ತಿದ್ದಾರೆಂದು ಕೇಳಿ ಇವರು ಹೋಗಿ ಆರು ಟೈರುಗಳನ್ನು ಚಕ್ರದ ಸಮೇತ ತಂದರು. ಅವು ನಮ್ಮ ಲಾರಿಯ ಟೈರಿಗಿಂತ ಒಂದು ಗೇಣಿನ ಅರ್ಧದಷ್ಟು ಎತ್ತರ ಇದ್ದವು.

ಇವರಿಗೆ ಅದು ಕೊರತೆಯಾಗಿ ಕಾಣಲಿಲ್ಲ, ಅನುಕೂಲವಾಗಿಯೇ ಕಂಡಿತು. ಕಬ್ಬಿನ ಗದ್ದೆಗೆ ಹೋಗುವ ದಾರಿಗಳೆಲ್ಲ ಗಾಡಿ ಜಾಡುಗಳು. ಎರಡು ಕಡೆ ಚಕ್ರ ಕೊರೆದ ಹಳ್ಳ, ನಡುವೆ ಎದ್ದು ನಿಂತ ದಿಬ್ಬ. ಲಾರಿ ಆ ಜಾಡಿಗೆ ಇಳಿದರೆ ಅದರ ಹೊಟ್ಟೆ ದಿಬ್ಬಕ್ಕೆ ಉಜ್ಜಿ ನಿಂತುಬಿಡುತ್ತಿತ್ತು. ದಿನಕ್ಕೊಮ್ಮೆಯಾದರೂ ಎತ್ತು ಕಟ್ಟಿ ಎಳೆಸಬೇಕಾಗಿತ್ತು. ಲಾರಿಯನ್ನು ಎಳೆಯುವ ಎತ್ತನ್ನು ನೋಡಿ ಗದ್ದೆಯವರು ಕೂಗಿ ನಗುತ್ತಿದ್ದರು. ಎತ್ತು ಮಾರಿ ಲಾರಿ ತಂದವರಿಗೆ ಅದು ನಾಟುತ್ತಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಲಾರಿ ರಿಪೇರಿ ಮಾಡುವ ಸಾಬರೊಬ್ಬರ ಶೆಡ್ಡು ಇತ್ತು. ವಯಸ್ಸಾದವರು. ನಮ್ಮ ಮಾವನ ಕಾಲದಿಂದ ಪರಿಚಯ, ನಮ್ಮ ಮನೆಯಲ್ಲಿ ಅವರಿಗೆ ಮೇಸ್ತ್ರಿ ಎಂದೇ ಹೆಸರು. ಇವರು ಅವರ ಹತ್ತಿರ ಹೋಗಿ, ಟೈರು ಹಾಕುವುದರ ಜೊತೆಗೆ ಲಾರಿಯನ್ನೂ ಎತ್ತರಿಸಿಕೊಡಬೇಕೆಂದು ಕೇಳಿದರು. ಸ್ಪ್ರಿಂಗಿನ ಕಮಾನು ಪಟ್ಟಿಗಳಿಗೂ ಕೆಳಗಿನ ಅಚ್ಚಿಗೂ ನಡುವೆ ಜಾಲಿ ಮರದ ದಿಮ್ಮಿ ಕೂರಿಸಿ, ಮೇಲೆ ಎರಡೆರಡು ಪಟ್ಟಿ ಹೆಚ್ಚಿಗೆ ಹಾಕಿದರೆ ಲಾರಿ ಮೊಣಕಾಲುದ್ದ ಮೇಲೆ ನಿಲ್ಲುತ್ತದೆ ಎಂದು ಲೆಕ್ಕ ಹಾಕಿದ್ದರು. ನಾನು ಆ ದಿನ ಮೇಸ್ತ್ರಿಯ ಮನೆಯವರಿಗೆ ಹುಣಸೆಹಣ್ಣು ಕೊಡಲು ಹೋಗಿದ್ದೆ. ಇಬ್ಬರ ಮಾತೂ ಕೇಳಿಸಿತು.

"ಎತ್ರ ಮಾಡ್ಬೋದು ಗೌಡ್ರೆ. ಆದ್ರೆ ಪೆಟ್ರೋಲು ಕುಡೀತದೆ," ಎಂದರು ಮೇಸ್ತ್ರಿ.

"ಅದೆಂಗೆ ಕುಡೀತದೆ ಸಾಬ್ರೆ? ನಮ್ಮಪ್ಪ ಗಾಡಿ ಮಾಡ್ಸೋವಾಗ ಏನಂತಿದ್ದ? ಚಕ್ರ ದೊಡ್ದಾದಷ್ಟೂ ಎತ್ಗೆ ಅಗೂರ. ಸಣ್ ಚಕ್ರ ಗುಂಡೀಲಿ ಸಿಗಾಕ್ಕತದೆ, ದೊಡ್ ಚಕ್ರ ಆರ್ಕಂಡು ಓಯ್ತದೆ. ಚಕ್ರ ದೊಡ್ದಾದ್ರೆ ಪೆಟ್ರೋಲು ಉಳೀಬೇಕು ಕಣ್ ಬುಡಿ."

"ಎತ್ತು ಗಾಡೀನ ಎಳೀತದೆ, ಚಕ್ರ ಸುಮ್ಕೆ ಉಳ್ಳತದೆ. ಇಲ್ಲಿ ಇಂಜಿನ್ನು ಚಕ್ರಾನೇ ತಿರುವ್ಬೇಕು."

"ಎರಡೂ ಒಂದೇ."

"ಒಂದಲ್ಲ ಮಾರಾಯ್ರೆ." ಮೇಸ್ತ್ರಿ ನನ್ನ ಕಡೆ ತಿರುಗಿದರು. "ತಂಗ್ಯವ್ವಾ, ನೀನೇ ಯೋಳು. ತುಂಬಿದ್ ಕೊಡಾನ ಸೊಂಟದ್ ಮೇಲೆ ಇಟ್ಕಂಡ್ರೆ ಎಂಗೆ? ಕೈ ನೀಡಿ ದೂರ ಇಡ್ಕಂಡ್ರೆ ಎಂಗೆ? ನೀರು ಅಷ್ಟೇ ಅಲ್ವಾ?"

"ಕೈ ನೀಡಿದ್ರೆ ಭಾರ ಆಯ್ತದೆ," ಎಂದೆ ನಾನು.

"ಕೇಳುದ್ರಾ? ಚಕ್ರ ದೊಡ್ದಾದ್ರೆ ಇಂಜಿನ್ನು ಕೈ ನೀಡ್ಕಂಡು ಇಡ್ದಂಗೆ. ಏರ್ನಲ್ಲಿ ಸುಸ್ತಾಯ್ತದೆ, ಕೆಳ್ಗಿನ್ ಗೇರ್ಗೆ ಬರ್ಬೇಕು. ಟೈರ್ ತೂಕ ಬೇರೆ."

ಇವರು ನನ್ನನ್ನೊಮ್ಮೆ ನೋಡಿ, "ಕೊಡ ಓರೋರ್ನೆಲ್ಲಾ ಕೇಳ್ಕಂಡು ಲಾರಿ ಓಡ್ಸಕಾಯ್ತದಾ?" ಎಂದು ನಕ್ಕರು. ಮೇಸ್ತ್ರಿಯೂ ನಕ್ಕರು. ಕೆಲಸ ಶುರುವಾಯಿತು.

ಎತ್ತರವಾಗಿ ಬಂದ ಲಾರಿಯನ್ನು ನೋಡಲು ಬೀದಿಯವರೆಲ್ಲ ಹೊರಗೆ ಬಂದರು. ಅತ್ತೆ ಸೊಂಟದ ಮೇಲೆ ಕೈ ಇಟ್ಟುಕೊಂಡು, "ಇದೇನ್ಲಾ ಮಗಾ, ಒಂಟೆ ತಂದಿದ್ದೀಯಲ್ಲಾ," ಎಂದರು. ಕಬ್ಬು ತುಂಬುವ ಆಳುಗಳು ಹೊರೆಯನ್ನು ಅಷ್ಟು ಮೇಲಕ್ಕೆ ಎಸೆಯಬೇಕಲ್ಲ ಎಂದು ಗೊಣಗಿದರು. ಆದರೆ ಗದ್ದೆಯಲ್ಲಿ ಲಾರಿ ನಿಲ್ಲಲಿಲ್ಲ. ಜಾಡಿನ ದಿಬ್ಬದ ಮೇಲೆ ಹೊಟ್ಟೆ ತಾಗದೆ ಹೋಯಿತು. ಮೊದಲ ವಾರ ಒಂದು ದಿನವೂ ಎತ್ತು ಕಟ್ಟಲಿಲ್ಲ. ಇವರು ಸಂಜೆ ಜಗಲಿಯ ಮೇಲೆ ಕೂತು ಮೀಟರು ಹೇಳುವಾಗ ದನಿಯಲ್ಲಿ ಹಿಗ್ಗು ಇರುತ್ತಿತ್ತು.

ವ್ಯತ್ಯಾಸವನ್ನು ಮೊದಲು ಕಂಡವಳು ನಾನು. ಪುಸ್ತಕ ನನ್ನ ಕೈಯಲ್ಲಿತ್ತಲ್ಲ. ಹಿಂದಿನ ವರ್ಷ ಗ್ಯಾಲನ್ನಿಗೆ ಸುಮಾರು ಹತ್ತು ಮೈಲಿ ಬರುತ್ತಿತ್ತು. ಈಗ ಏಳೂವರೆ. ದಾರಿ ಅದೇ. ಬೆಳಿಗ್ಗೆ ಮದ್ದೂರಿನಿಂದ ಮಳವಳ್ಳಿ ಕಡೆ ಗದ್ದೆಗೆ, ಅಲ್ಲಿಂದ ಕಬ್ಬು ತುಂಬಿಕೊಂಡು ಮಂಡ್ಯಕ್ಕೆ, ಮಂಡ್ಯದಿಂದ ಹನಕೆರೆ ಮೇಲೆ ಮನೆಗೆ. ಹಿಂದಿನ ವರ್ಷ ಆ ಸುತ್ತಿಗೆ ಮೀಟರು ನಲವತ್ತು ಮೈಲಿ ತೋರಿಸುತ್ತಿತ್ತು. ಈ ವರ್ಷ ಅದೇ ಸುತ್ತಿಗೆ ಮೂವತ್ತಾರು. ಪೆಟ್ರೋಲು ಮಾತ್ರ ಹೆಚ್ಚು. ಓಡಿದ್ದು ಕಡಿಮೆ, ಖರ್ಚಾದದ್ದು ಹೆಚ್ಚು ಎಂದರೆ ಏನರ್ಥ ಎಂದು ನನಗೆ ತಿಳಿಯಲಿಲ್ಲ. ಕೇಳಿದೆ.

"ಮೇಸ್ತ್ರಿ ಯೋಳಿದ್ನಲ್ಲಾ, ಕುಡೀತದೆ ಅಂತ. ಕುಡೀತಾ ಅದೆ," ಎಂದರು. ಚಕ್ರದ ವಿಷಯದಲ್ಲಿ ತಾವು ಸೋತದ್ದನ್ನು ಅವರು ಒಪ್ಪಿಕೊಂಡದ್ದು ಅಷ್ಟೇ ಮಾತಿನಲ್ಲಿ.

ಪೆಟ್ರೋಲು ಹೆಚ್ಚಾದದ್ದಕ್ಕೆ ಆ ಉತ್ತರ ಸಾಲುತ್ತಿತ್ತು. ಮೈಲಿ ಕಡಿಮೆಯಾದದ್ದಕ್ಕೆ ಸಾಲುತ್ತಿರಲಿಲ್ಲ. ಅದನ್ನು ನಾನು ಮತ್ತೆ ಕೇಳಬಹುದಾಗಿತ್ತು. ಕೇಳಲಿಲ್ಲ.

ಆ ತಿಂಗಳ ಪುಸ್ತಕ ತೋರಿಸಲು ಇವರು ಮಂಡ್ಯದ ಕಚೇರಿಗೆ ಹೋದಾಗ ಗುಮಾಸ್ತರು ಕೂಪನ್ ಕೊಟ್ಟರು, ಜೊತೆಗೆ ಒಂದು ಮಾತನ್ನೂ ಹೇಳಿ ಕಳಿಸಿದರು. ಲಾರಿ ಇಷ್ಟು ಕಡಿಮೆ ಓಡಿ ಇಷ್ಟು ಪೆಟ್ರೋಲು ಖರ್ಚಾಗಿದ್ದರೆ ಉಳಿದ ಪೆಟ್ರೋಲು ಕಾಳಸಂತೆಗೆ ಹೋಗುತ್ತಿದೆ ಎಂದೇ ಕಚೇರಿಯ ಸಾಹೇಬರು ತಿಳಿಯುತ್ತಾರೆ, ಮುಂದಿನ ತಿಂಗಳೂ ಹೀಗೇ ಇದ್ದರೆ ಕೂಪನ್ ನಿಲ್ಲುತ್ತದೆ ಎಂದು. ಇವರು ಮನೆಗೆ ಬಂದು ಅದನ್ನು ಸಿಟ್ಟಿನಿಂದ ಹೇಳಿದರು. ಕೂಪನ್ ನಿಂತರೆ ಲಾರಿ ನಿಲ್ಲುತ್ತದೆ. ಹಿಂತಿರುಗಿ ಹೋಗಲು ನಮಗೆ ಎತ್ತೂ ಇಲ್ಲ, ಗಾಡಿಯೂ ಇಲ್ಲ.

ಅದೇ ವಾರ ನೀರಿಗೆ ಹೋದ ಕಡೆ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ನಿಡಘಟ್ಟದ ಹತ್ತಿರ ಬೆಂಗಳೂರು ಕಾರಿನವರಿಗೆ ಲಾರಿಯವರು ಡಬ್ಬಗಟ್ಟಲೆ ಪೆಟ್ರೋಲು ಮಾರುತ್ತಾರಂತೆ. ಒಬ್ಬಳು ನನ್ನ ಕಡೆ ನೋಡಿ, "ನಿಮ್ ಲಾರೀನೂ ಮೊನ್ನೆ ನಿಡಘಟ್ಟದಲ್ಲಿ ನಿಂತಿತ್ತು ಕಣಮ್ಮಿ, ನಮ್ಮೋರು ನೋಡುದ್ರಂತೆ," ಎಂದಳು. ನಿಡಘಟ್ಟ ಬೆಂಗಳೂರು ದಾರಿಯಲ್ಲಿದೆ. ನಮ್ಮ ಕಬ್ಬಿಗೂ ಆ ದಾರಿಗೂ ಸಂಬಂಧವಿರಲಿಲ್ಲ.

ಸಂಜೆ ಪುಸ್ತಕ ತೆಗೆಯುವ ಮೊದಲು ಕೇಳಿದೆ. "ನಿಡಘಟ್ಟಕ್ಕೆ ಓಗಿದ್ರಾ?"

"ಊಂ."

"ಯಾಕೆ?"

"ಕೆಲ್ಸ ಇತ್ತು ಕಣೆ. ಬರ್ಕೊ."

ಸಂಖ್ಯೆ ಹೇಳಿದರು. ನಾನು ಬರೆದುಕೊಂಡೆ. ನಾಲ್ಕು ಮೈಲಿ ಸೇರಿಸಿ ಬರೆದುಕೊಂಡೆ.

ಹಾಗೆ ಮಾಡಬೇಕೆಂದು ಮೊದಲೇ ಯೋಚಿಸಿರಲಿಲ್ಲ. ಅವರು ಪೆಟ್ರೋಲು ಮಾರುತ್ತಿದ್ದಾರೆ ಎಂದು ನನ್ನ ಮನಸ್ಸಿಗೆ ಬಂದಿತ್ತು. ಮಾರುತ್ತಿದ್ದರೆ ಸಿಕ್ಕಿಬೀಳುತ್ತಾರೆ, ಸಿಕ್ಕಿಬೀಳಬಾರದು, ಅಷ್ಟೇ ಇದ್ದದ್ದು. ಕೇಳಿ ತಿಳಿದುಕೊಳ್ಳುವುದಕ್ಕಿಂತ ಮುಚ್ಚುವುದು ಸುಲಭವಾಗಿ ಕಂಡಿತು. ನಾಲ್ಕು ಮೈಲಿ ಎಂದರೆ ಬಹಳವಲ್ಲ, ಲೆಕ್ಕ ಸ್ವಲ್ಪ ಹಿಂದಿನ ವರ್ಷದ ಕಡೆಗೆ ವಾಲುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ ಎಂದುಕೊಂಡೆ. ಆದರೆ ಮೀಟರಿನ ಸುಳ್ಳು ಒಂದು ದಿನಕ್ಕೆ ಮುಗಿಯುವುದಿಲ್ಲ. ಮಾರನೆಯ ದಿನ ಅವರು ಹೇಳಿದ ಸಂಖ್ಯೆಗೆ ಹಿಂದಿನ ದಿನದ ನಾಲ್ಕನ್ನೂ ಸೇರಿಸಿ, ಆ ದಿನದ್ದನ್ನೂ ಸೇರಿಸಬೇಕು. ಅದರ ಮಾರನೆಯ ದಿನ ಹನ್ನೆರಡು. ಅವರು ಎದುರಿಗೆ ಕೂತು ಸಂಖ್ಯೆ ಹೇಳುತ್ತಿದ್ದರು, ನಾನು ಮನಸ್ಸಿನಲ್ಲಿ ಕೂಡಿಕೊಂಡು ಬೇರೆಯದನ್ನು ಬರೆಯುತ್ತಿದ್ದೆ. ಹತ್ತು ದಿನ ಹೀಗೆ ನಡೆಯಿತು.

ಹನ್ನೊಂದನೆಯ ದಿನ ಕಚೇರಿಯಿಂದ ಆಳು ಬಂದ. ತಿಂಗಳು ತುಂಬುವವರೆಗೂ ಅವರು ಕಾಯಲಿಲ್ಲ. ಯಾರೋ ನಮ್ಮ ಮೇಲೆ ಅರ್ಜಿ ಬರೆದಿದ್ದರಂತೆ. ತನಿಖೆ ಮುಗಿಯುವ ತನಕ ಕೂಪನ್ ನಿಲ್ಲಿಸಲಾಗಿದೆ, ಲಾರಿ ನಿಂತಲ್ಲೇ ನಿಲ್ಲಬೇಕು ಎಂದು ಅವನು ತಂದ ಕಾಗದದಲ್ಲಿತ್ತು. ಮಾರನೆಯ ದಿನ ನಾವು ಸಾಗಿಸಬೇಕಾಗಿದ್ದ ಕಬ್ಬು ಆಗಲೇ ಕಡಿದು ಬಿದ್ದಿತ್ತು. ಕಡಿದ ಕಬ್ಬು ಬಿಸಿಲಿಗೆ ಒಣಗುತ್ತದೆ, ದಿನ ಕಳೆದಷ್ಟೂ ತೂಕ ಇಳಿಯುತ್ತದೆ. ಗದ್ದೆಯ ಯಜಮಾನ ಮನೆ ಬಾಗಿಲಿಗೇ ಬಂದು ಕೂಗಾಡಿದ.

"ನೀನು ಪೆಟ್ರೋಲ್ ಮಾರ್ಕೊಳ್ಳಕ್ಕೆ ನನ್ ಕಬ್ಬು ಒಣಗ್ಬೇಕಾ?"

ಇವರು ಜಗಲಿಯಿಂದ ಇಳಿದು ಅವನ ಎದುರಿಗೆ ನಿಂತರು. "ನಾನು ಮಾರಿಲ್ಲ ಕಣ್ಲಾ."

"ಮತ್ತೆ ಎಲ್ಲೋಯ್ತು?"

ಮೈಲಿ ಯಾಕೆ ಕಡಿಮೆ ಎಂದು ಅವರಿಗೂ ಗೊತ್ತಿರಲಿಲ್ಲ. ಅದನ್ನು ಅವತ್ತು ಅವರ ಮುಖ ನೋಡಿ ನಾನು ತಿಳಿದುಕೊಂಡೆ. ಮಾರಿದವನ ಮುಖ ಹಾಗಿರುವುದಿಲ್ಲ. ಆದರೆ ಅಷ್ಟು ಹೊತ್ತಿಗೆ ಪುಸ್ತಕದಲ್ಲಿ ಹತ್ತು ದಿನದ ಸಾಲುಗಳಿದ್ದವು.

ಗದ್ದಲ ಕೇಳಿ ಮೇಸ್ತ್ರಿ ಬಂದರು. ವಿಷಯ ತಿಳಿದ ಮೇಲೆ ಹಣೆ ಬಡಿದುಕೊಂಡರು. "ಪೆಟ್ರೋಲ್ ಕುಡೀತದೆ ಅಂದೆ, ಮೀಟ್ರು ವಿಸ್ಯ ಯೋಳ್ಲೇ ಇಲ್ವಲ್ಲಾ ನಾನು. ಗೌಡ್ರೆ, ಮೀಟ್ರು ರಸ್ತೆ ಅಳಿಯಕಿಲ್ಲ. ಗಾಲಿ ಎಷ್ಟು ಸುತ್ತು ತಿರುಗ್ತು ಅಂತ ಎಣಿಸ್ತದೆ. ಹಳೆ ಗಾಲಿ ಸುತ್ತು ಅದ್ಕೆ ಗೊತ್ತು. ಈಗಿನ ಗಾಲಿ ದೊಡ್ದು, ಒಂದ್ ಸುತ್ತಿಗೆ ಜಾಸ್ತಿ ದೂರ ಓಯ್ತದೆ. ನಲವತ್ತು ಮೈಲಿ ಓಡುದ್ರೆ ಮೂವತ್ತಾರು ಅಂತದೆ."

ಇವರು ಬೆರಳು ಮಡಚಿ ಎಣಿಸಿ, "ನಾಲ್ಕು ಮೈಲಿ," ಎಂದರು.

ನಾನು ಬಾಗಿಲ ಹಿಂದೆ ಇದ್ದೆ. ನಾನು ದಿನವೂ ಸೇರಿಸಿದ್ದೂ ಅದೇ ನಾಲ್ಕು.

ಮೇಸ್ತ್ರಿ ಇವರನ್ನು ಕರೆದುಕೊಂಡು ಅಂದೇ ರೈಲಿನಲ್ಲಿ ಮಂಡ್ಯಕ್ಕೆ ಹೋದರು. ಸಾಹೇಬರು ಮೊದಲು ನಂಬಲಿಲ್ಲ. ಮೇಸ್ತ್ರಿ, "ಸ್ವಾಮಿ, ರಸ್ತೇಲಿ ಮೈಲಿಕಲ್ಲು ಅವೆ. ಅವು ಯಾರ್ ಕಡೆಯೋರೂ ಅಲ್ಲ. ಎಣಿಸಿ ನೋಡಿ," ಎಂದರಂತೆ. ಒಂದು ದಿನ ಬಿಟ್ಟು ಸಾಹೇಬರು ಬೆಳಗಿನ ರೈಲಿಗೆ ಮದ್ದೂರಿಗೆ ಬಂದರು. ಪರೀಕ್ಷೆಗೆಂದು ನಾಲ್ಕು ಗ್ಯಾಲನ್ ಪೆಟ್ರೋಲು ಕೊಡಿಸಿದರು. ಒಣಗುತ್ತಿದ್ದ ಕಬ್ಬನ್ನೇ ಜನ ಗಾಡಿಯಲ್ಲಿ ತಂದು ಲಾರಿಗೆ ತುಂಬಿದ್ದರು. ಸಾಹೇಬರು ಲಾರಿ ಹತ್ತಲು ಮೇಸ್ತ್ರಿ ಒಂದು ಮಣೆ ಹಾಕಬೇಕಾಯಿತು. ಹತ್ತಿದ ಮೇಲೆ ಮೀಟರಿನಲ್ಲಿದ್ದದ್ದನ್ನು ತಮ್ಮ ಕಾಗದದ ಮೇಲೆ ಬರೆದುಕೊಂಡರು. ಟ್ಯಾಂಕಿಗೆ ಬಿದಿರ ಕಡ್ಡಿ ಇಳಿಸಿ, ಎಲ್ಲಿಯವರೆಗೆ ಒದ್ದೆಯಾಯಿತೋ ಅಲ್ಲಿಗೆ ಗೀರು ಹಾಕಿಸಿದರು.

ಲಾರಿ ಹೋದ ಮೇಲೆ ನಾನು ಪುಸ್ತಕ ತೆಗೆದುಕೊಂಡು ಅಡುಗೆಮನೆಯಲ್ಲಿ ಕೂತೆ. ಒಲೆ ಉರಿಯುತ್ತಿತ್ತು. ಆ ಹಾಳೆಯನ್ನು ಹರಿಯಬಹುದಿತ್ತು. ಹಾಳೆಗಳಿಗೆ ಕಚೇರಿಯ ಮೊಹರು ಇತ್ತು, ಒಂದು ಹೋದರೂ ಗೊತ್ತಾಗುತ್ತಿತ್ತು. ತಿದ್ದಬಹುದಿತ್ತು. ಹತ್ತು ಸಾಲನ್ನು ತಿದ್ದಿದರೆ ಕುರುಡನಿಗೂ ಕಾಣುತ್ತದೆ. ಅತ್ತೆ ಮಜ್ಜಿಗೆ ಕಡೆಯುತ್ತ, "ಯಾಕಮ್ಮಿ ಅಂಗ್ ಕೂತಿದ್ದೀಯ? ಕೊತ್ತಂಬ್ರಿ ಬುಡುಸು, ಸಾಯೇಬ್ರು ಬತ್ತಾರೆ," ಎಂದರು. ನಾನು ಕೊತ್ತಂಬರಿ ಬಿಡಿಸಿದೆ.

ಅವರು ಮಂಡ್ಯಕ್ಕೆ ಹೋಗಿ, ಪರೀಕ್ಷೆಗೆ ಭಾರ ಒಂದೇ ಇರಲೆಂದು ಲೋಡನ್ನು ಇಳಿಸದೆ ಹಾಗೇ ಹಿಂತಿರುಗಿ ಬಂದರು. ದಾರಿಯಲ್ಲಿ ನಡೆದದ್ದನ್ನು ಆಮೇಲೆ ಮೇಸ್ತ್ರಿ ನಮಗೆ ಹೇಳಿದರು. ಸಾಹೇಬರು ಕಿಟಕಿಯಿಂದ ತಲೆ ಹೊರಗೆ ಹಾಕಿ ಒಂದೊಂದು ಮೈಲಿಕಲ್ಲನ್ನೂ ಗಟ್ಟಿಯಾಗಿ ಎಣಿಸಿದರಂತೆ. ಹನಕೆರೆಯ ಹತ್ತಿರ ಒಂದು ಕಲ್ಲಿನ ಮೇಲೆ ಯಾರೋ ಹುಲ್ಲು ಒಣಹಾಕಿದ್ದರು. ಸಾಹೇಬರು ಲಾರಿ ನಿಲ್ಲಿಸಿ, ಇಳಿದು, ಹುಲ್ಲು ಸರಿಸಿ, ಕಲ್ಲಿನ ಸಂಖ್ಯೆ ಓದಿ ಬಂದರಂತೆ. ಹುಲ್ಲಿನವಳು "ನಮ್ ಉಲ್ಲು ಯಾಕಪ್ಪ ಮುಟ್ಟೀಯಾ?" ಎಂದು ಅವರನ್ನು ಗದರಿಸಿದಳಂತೆ. ಹೋಗಿ ಬರಲು ಕಲ್ಲಿನ ಲೆಕ್ಕದಲ್ಲಿ ಇಪ್ಪತ್ತನಾಲ್ಕು ಮೈಲಿ. ಮೀಟರಿನಲ್ಲಿ ಇಪ್ಪತ್ತೆರಡೂ ತುಂಬಿರಲಿಲ್ಲ.

ನಮ್ಮ ಮನೆಯ ಮುಂದೆ ಲಾರಿ ನಿಂತಿತು. ಕಡ್ಡಿಯ ಗೀರು ಮುಟ್ಟುವವರೆಗೆ ಪೆಟ್ರೋಲು ಅಳೆದು ಸುರಿದರು. ಮೂರು ಗ್ಯಾಲನ್ನಿಗೆ ಒಂದು ಲೋಟ ಕಡಿಮೆ ಹಿಡಿಯಿತು. ಅಂದರೆ ಗ್ಯಾಲನ್ನಿಗೆ ಎಂಟು ಮೈಲಿಯ ಮೇಲೆ ಸ್ವಲ್ಪ. ಹತ್ತು ಮೈಲಿಯ ಲಾರಿ ಅದಾಗಿ ಉಳಿದಿರಲಿಲ್ಲ, ಆದರೆ ಪುಸ್ತಕ ತೋರಿಸಿದಷ್ಟು ಕೆಟ್ಟಿರಲೂ ಇಲ್ಲ. ಪೆಟ್ರೋಲು ಎಲ್ಲಿಗೆ ಹೋಯಿತೆಂದು ತಿಳಿಯಿತು. ಹೆಚ್ಚಿನ ಪಾಲನ್ನು ಇಂಜಿನ್ನೇ ಕುಡಿದಿತ್ತು, ಉಳಿದದ್ದು ಮೀಟರು ಎಣಿಸದೆ ಬಿಟ್ಟ ದಾರಿಯಲ್ಲಿ ಖರ್ಚಾಗಿತ್ತು. ಮಾರಿದ್ದು ಏನೂ ಇರಲಿಲ್ಲ.

ಸಾಹೇಬರು ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿದರು. ಗದ್ದೆಯ ಯಜಮಾನನೂ ಬಂದು ನಿಂತಿದ್ದ. ಇವರು ಕಂಬಕ್ಕೆ ಒರಗಿಕೊಂಡು ನಿಂತಿದ್ದರು, ಮುಖ ಹಗುರಾಗಿತ್ತು. ಆಗ ಸಾಹೇಬರು ಪುಸ್ತಕ ಕೇಳಿದರು.

ನಾನು ಅದನ್ನು ಅತ್ತೆಯ ಕೈಗೆ ಕೊಟ್ಟೆ. ಅತ್ತೆ ಹೊರಗೆ ಕೊಟ್ಟರು. ಸಾಹೇಬರು ಕೊನೆಯ ಸಾಲನ್ನು ನೋಡಿದರು, ತಮ್ಮ ಕಾಗದವನ್ನು ನೋಡಿದರು, ಮತ್ತೆ ಸಾಲನ್ನು ನೋಡಿದರು.

"ಇದೇನು? ಬೆಳಿಗ್ಗೆ ನಾನು ಹತ್ತಿದಾಗ ಮೀಟರಿನಲ್ಲಿ ಇದ್ದದ್ದಕ್ಕಿಂತ ಪುಸ್ತಕದಲ್ಲಿ ನಲವತ್ತು ಮೈಲಿ ಹೆಚ್ಚಿಗೆ ಇದೆ. ಲಾರಿ ನಿಂತಲ್ಲೇ ಇತ್ತಲ್ಲ?"

ಇವರು ಮುಂದೆ ಬಂದು ಪುಸ್ತಕದ ಮೇಲೆ ಬಗ್ಗಿದರು. ಅದೇ ಮೊದಲ ಸಲ ಅವರು ನನ್ನ ಬರಹವನ್ನು ನೋಡಿದ್ದು. ಬೆರಳಿಟ್ಟು ಒಂದು ಸಾಲಿನಿಂದ ಇನ್ನೊಂದಕ್ಕೆ ಮೇಲೆ ಮೇಲೆ ಹೋದರು. ತಾವು ಹೇಳಿದ ಸಂಖ್ಯೆಗಳು ಅವರಿಗೆ ನೆನಪಿದ್ದವೋ ಏನೋ. ಒಂದು ಸಾಲಿನ ಮೇಲೆ ಬೆರಳು ನಿಂತಿತು. ಅದು ನಿಡಘಟ್ಟದ ಮಾತು ಕೇಳಿದ ದಿನ ಎಂದು ನನಗೆ ಬಾಗಿಲಿನಿಂದಲೇ ಗೊತ್ತಾಯಿತು. ಅವರು ತಲೆಯೆತ್ತಿ ಒಳಗೆ ನೋಡಲಿಲ್ಲ.

"ನಾನೇ ಬರ್ಸಿದ್ದು ಸ್ವಾಮಿ," ಎಂದರು.

"ಬರೆದವರು ಯಾರು?"

"ನಮ್ಮ ಮನೆಯೋಳು. ನಾ ಯೋಳಿದ್ದ ಬರದವ್ಳೆ. ಅವಳ್ಗೇನೂ ಗೊತ್ತಿಲ್ಲ."

"ಯಾಕೆ ಹೀಗೆ ಬರೆಸಿದಿರಿ?"

"ಎದುರ್ಕೊಂಡೆ. ಕೂಪನ್ ನಿಂತೋಯ್ತದೆ ಅಂತ."

ಮೇಸ್ತ್ರಿ ನಡುವೆ ಬಾಯಿ ಹಾಕಿದರು. "ಸ್ವಾಮಿ, ಒಂದ್ ಮಾತು. ದಿನಕ್ಕೆ ನಾಲ್ಕ್ ಮೈಲಿ ಮೀಟ್ರು ನುಂಗಿತ್ತಲ್ಲಾ, ಪುಸ್ತಕದಲ್ಲಿ ಅದೇ ನಾಲ್ಕು ಸೇರ್ಕಂಡದೆ. ಪುಸ್ತಕವೇ ನಿಜ, ಮೀಟ್ರೇ ಸುಳ್ಳು."

ಗದ್ದೆಯ ಯಜಮಾನ ನಕ್ಕುಬಿಟ್ಟ. ಸಾಹೇಬರು ನಗಲಿಲ್ಲ. "ರಸ್ತೆ ಎಷ್ಟು ಉದ್ದ ಅಂತ ನಾನು ಕೇಳಿಲ್ಲ. ಮೀಟರಿನಲ್ಲಿ ಇದ್ದದ್ದನ್ನು ಬರೆಯಿರಿ ಅಂತ ಹೇಳಿದ್ದು. ಬರೆಯುವಾಗ ಇವರಿಗೆ ಈ ವಿಷಯ ಗೊತ್ತಿತ್ತೇ?" ಎಂದು ಕೇಳಿದರು.

"ಇಲ್ಲ," ಎಂದರು ಇವರು.

ನಾನು ಹೊರಗೆ ಬಂದು ಹೇಳಬೇಕಾಗಿತ್ತು. ಹೊಸ್ತಿಲಿನವರೆಗೆ ಬಂದೆ. ಅತ್ತೆ ನನ್ನ ಸೆರಗು ಹಿಡಿದು ಹಿಂದಕ್ಕೆ ಎಳೆದರು. ಅವರಿಗೆ ಅರ್ಥವಾಗಿತ್ತೋ, ಗಂಡಸರ ಮುಂದೆ ಹೋಗಬಾರದೆಂದು ಎಳೆದರೋ, ಗೊತ್ತಿಲ್ಲ. ಎಳೆದದ್ದರಿಂದ ನಿಂತೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೆ. ಅವರು ಗಟ್ಟಿಯಾಗಿ ಹಿಡಿದಿರಲಿಲ್ಲ.

ಸಾಹೇಬರು ಕಾಗದ ಬರೆದರು. ಪೆಟ್ರೋಲು ಮಾರಿದ ಆರೋಪ ಸುಳ್ಳು. ಆದರೆ ಪುಸ್ತಕದಲ್ಲಿ ಸುಳ್ಳು ಬರೆಸಿದ ತಪ್ಪಿಗೆ ಆ ಕಬ್ಬಿನ ಕಾಲ ಮುಗಿಯುವ ತನಕ ಅರ್ಧ ಕೂಪನ್. ಹಳೆಯ ಅಳತೆಯ ಟೈರು ಹಾಕಿ, ದಿಮ್ಮಿಗಳನ್ನು ತೆಗೆಸಿ, ಮೀಟರು ಸರಿ ತೋರಿಸಿದ ಮೇಲೆಯೇ ಅದೂ. ಪುಸ್ತಕ ಸರಿಯಿದ್ದಿದ್ದರೆ ಪೂರ್ತಿ ಕೂಪನ್ ಕೊಟ್ಟು, ಟೈರಿನ ವಿಷಯ ಒಂದು ಟಿಪ್ಪಣಿ ಬರೆದು ಬಿಡುತ್ತಿದ್ದೆ ಎಂದು ಹೋಗುವಾಗ ಹೇಳಿದರು.

ದಿಮ್ಮಿಗಳನ್ನು ತೆಗೆಯುವಾಗ ಒಂದು ದಿಮ್ಮಿ ಹೊಸದಾಗಿತ್ತು. ನಾನು ಶೆಡ್ಡಿನ ಮುಂದೆ ಹಾದುಹೋಗುವಾಗ ಮೇಸ್ತ್ರಿ ಅದನ್ನು ತೋರಿಸಿದರು. "ಇದ್ರ ಜಾಗದಲ್ಲಿದ್ದುದ್ದು ಸೀಳಿತ್ತು ತಂಗ್ಯವ್ವಾ. ಗೌಡ್ರು ಎರಡ್ ಸಲ ನಿಡಘಟ್ಟಕ್ಕೆ ಓಗಿ ಗಾಡಿ ಮಾಡೋರ ಹತ್ರ ಒಳ್ಳೆ ಜಾಲಿ ತಂದ್ರು. ಮನೇಲಿ ಯೋಳ್ಬ್ಯಾಡ ಅಂದ್ರು. ಅವ್ವ ಗಾಬ್ರಿ ಬೀಳ್ತಾಳೆ ಅಂತ."

ನಾನು ಆಯಿತು ಎಂದು ತಲೆಯಾಡಿಸಿ ಮನೆಗೆ ಬಂದೆ.

ತೇಪೆ ಹಾಕಿದ ಹಳೆಯ ಟೈರುಗಳ ಮೇಲೆ ಲಾರಿ ಮತ್ತೆ ತಗ್ಗಿಗೆ ಇಳಿಯಿತು. ಅರ್ಧ ಪೆಟ್ರೋಲಿನಲ್ಲಿ ಗದ್ದೆಯೊಳಗೆ ಹೋಗಿ ಸಿಕ್ಕಿಕೊಂಡು ಇಂಜಿನ್ನು ಉರಿಸುವ ಹಾಗಿರಲಿಲ್ಲ. ಹಾಗಾಗಿ ಲಾರಿ ದೊಡ್ಡ ರಸ್ತೆಯಲ್ಲೇ ನಿಲ್ಲತೊಡಗಿತು. ಗದ್ದೆಯಿಂದ ರಸ್ತೆಯವರೆಗೆ ಹೆಂಗಸರು ತಲೆಯ ಮೇಲೆ ಕಬ್ಬು ಹೊರಬೇಕಾಯಿತು. ಎರಡು ಫರ್ಲಾಂಗು, ಕೆಲವು ಕಡೆ ಇನ್ನೂ ಹೆಚ್ಚು. ಬೇರೆ ಲಾರಿಯವರು ಗದ್ದೆಗೇ ಬರುತ್ತಾರಲ್ಲ ಎಂದು ಎಷ್ಟೋ ಜನ ನಮ್ಮನ್ನು ಬಿಟ್ಟರು. ಉಳಿದವರೂ ಆಳು ಸಿಗದೆ ಪರದಾಡಿದರು.

ಸಂಜೆ ಇವರು ಮೊದಲಿನಂತೆಯೇ ಜಗಲಿಯ ಮೇಲೆ ಕೂತು ಸಂಖ್ಯೆ ಹೇಳುತ್ತಿದ್ದರು. ನಾನು ಬರೆಯುತ್ತಿದ್ದೆ. ಅವರು ತಿರುಗಿಸಿ ನೋಡುತ್ತಿರಲಿಲ್ಲ. ಆ ಹತ್ತು ಸಾಲಿನ ವಿಷಯ ಅವರು ಎತ್ತಲಿಲ್ಲ. ಒಂದೆರಡು ಸಲ ನಾನು ಬಾಯಿ ತೆರೆದೆ. ಅವರು ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದರು.

ಲಾರಿ ರಸ್ತೆಯಲ್ಲಿ ನಿಲ್ಲತೊಡಗಿದ ನಾಲ್ಕನೆಯ ದಿನ ಬೆಳಿಗ್ಗೆ ನಾನು ಅತ್ತೆಗೆ ಹೇಳಿ, ಹಳೆಯ ಸೀರೆ ಉಟ್ಟು, ತಲೆಗೆ ಸಿಂಬಿ ಸುತ್ತಿಕೊಂಡು ಕಬ್ಬು ಹೊರುವ ಹೆಂಗಸರ ಜೊತೆ ಹೋದೆ. ಅವರು ನನ್ನನ್ನು ಕಂಡು, "ಅಯ್ಯೋ, ಲಾರಿ ಗೌಡ್ತಿ ಬಂದವ್ರೆ, ಸಣ್ ವರೆ ಕೊಡ್ರಮ್ಮಿ," ಎಂದು ಗೇಲಿ ಮಾಡಿದರು. ಸಣ್ಣ ಹೊರೆ ಬೇಡವೆಂದೆ. ಕಬ್ಬಿನ ಸೋಗೆ ಕುತ್ತಿಗೆಗೆ ಗೀರುತ್ತಿತ್ತು. ಬದುವಿನ ಮೇಲೆ ಎಲ್ಲರೂ ಸಾಲಾಗಿ ನಡೆದೆವು.

ಇವರು ಲಾರಿಯ ಹಿಂದೆ ನಿಂತು ಒಬ್ಬೊಬ್ಬರ ಹೊರೆಯನ್ನೂ ಇಳಿಸಿಕೊಂಡು ಮೇಲಿನವನಿಗೆ ಕೊಡುತ್ತಿದ್ದರು. ತಲೆಯ ಮೇಲೆ ಹೊರೆಯಿದ್ದದ್ದರಿಂದ ನನ್ನ ಮುಖ ಅವರಿಗೆ ಮೊದಲು ಕಾಣಲಿಲ್ಲ. ಎರಡು ಕೈ ಹೊರೆಗೆ ಹಾಕಿದ ಮೇಲೆ ಕಂಡಿತು.

"ನೀನ್ಯಾಕ್ ಬಂದೆ?" ಎಂದರು.

"ಆಳು ಕಮ್ಮಿ ಅಂದ್ರಲ್ಲಾ."

ಹಿಂದಿದ್ದವಳು, "ಗಂಡ ಎಂಡ್ರು ಮನೇಲಿ ಮಾತಾಡ್ಕಳಿ, ಕತ್ತು ಮುರೀತದೆ," ಎಂದು ಕೂಗಿದಳು. ಅವರು ಆ ಹೊರೆಯನ್ನು ಇಳಿಸಿಕೊಂಡರು. ಮೇಲಿನವನಿಗೆ ಕೊಡಲಿಲ್ಲ. ಲಾರಿಯ ಪಕ್ಕ ನೆಲದ ಮೇಲಿಟ್ಟು, ಅದರ ಕಟ್ಟು ಬಿಚ್ಚಿ, ಎರಡು ಭಾಗ ಮಾಡಿ ಮತ್ತೆ ಎರಡು ಹೊರೆಯಾಗಿ ಕಟ್ಟಿದರು.

"ಇಷ್ಟಿಷ್ಟೇ ತತ್ತಾ ಇರು," ಎಂದರು.

ನಾನು ಅವತ್ತು ಅಷ್ಟಷ್ಟೇ ತಂದೆ.